ಮಳೆಗಾಲಕ್ಕೊಂದು ಒಣ ಪುಸ್ತಕ

ಬೀರಣ್ಣ ಮೊದಲ ಸಲ ನಮ್ಮ ಗ್ರಂಥಾಲಯಕ್ಕೆ ಬಂದ ದಿನ ನಾನು ಅವನನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದ್ದೆ. ಹೊರಗೆ ಜೂನಿನ ಮಿರಗದ ಮಳೆ ಹೊಡೆಯುತ್ತಿತ್ತು. ತಲೆಯ ಮೇಲೆ ಹೊದ್ದ ಕಂಬಳಿಯಿಂದ ನೀರು ಸೋರಿ, ನಾನು ಆಗಷ್ಟೇ ಒರೆಸಿದ್ದ ನೆಲದ ಮೇಲೆ ಹರಿಯುತ್ತಿತ್ತು. ಕೈಯಲ್ಲಿ ಉದ್ದನೆಯ ಕೋಲು, ಮೈಯಿಂದ ಕುರಿಯ ವಾಸನೆ. ಮಳೆಗೆ ಆಸರೆ ಹುಡುಕಿ ಬಂದವನೆಂದೇ ತಿಳಿದೆ.

"ಅಲ್ಲೇ ನಿಂದರ್ರಿ. ಮಳಿ ನಿಂತ ಮ್ಯಾಲೆ ಹೋಗ್ರೆಂತ," ಎಂದೆ.

"ನಿಂದರಾಕ ಬಂದಿಲ್ರಿ ಅಕ್ಕಾರ. ಮಳಿಗಾಲಕ್ಕ ಒಂದು ಪುಸ್ತಕ ಬೇಕಾಗಿತ್ರಿ."

ನಾನು ಸಿಂದಗಿಯಿಂದ ದಿನಾ ಬೆಳಗಿನ ಬಸ್ಸಿಗೆ ಯಂಕಂಚಿಗೆ ಬಂದು ಈ ಗ್ರಂಥಾಲಯದ ಬೀಗ ತೆಗೆಯುವವಳು. ಪೇಪರು ಓದಲು ಬರುವವರು, ಪರೀಕ್ಷೆಗೆ ಓದುವವರು, ಫ್ಯಾನಿನ ಕೆಳಗೆ ನಿದ್ದೆ ಮಾಡಲು ಬರುವವರು, ಎಲ್ಲರನ್ನೂ ಬಲ್ಲೆ. ಮಳೆಗಾಲಕ್ಕೆ ಪುಸ್ತಕ ಕೇಳಿದವರನ್ನು ಮಾತ್ರ ಅಲ್ಲಿಯವರೆಗೆ ಕಂಡಿರಲಿಲ್ಲ. ಮುಖಪುಟದ ಮೇಲೆ ದಟ್ಟ ಮೋಡದ ಚಿತ್ರವಿದ್ದ ಒಂದು ಕಾದಂಬರಿಯನ್ನು ತಂದು ಕೊಟ್ಟೆ. ಅವನು ಕೈ ಒರೆಸಿಕೊಂಡು ಅದನ್ನು ತಿರುವಿ ನೋಡಿ, ಮರಳಿ ಟೇಬಲ್ಲಿನ ಮೇಲಿಟ್ಟ.

"ಇದು ಬ್ಯಾಡ್ರಿ. ಹೊರಗೂ ಮಳಿ, ಪುಸ್ತಕದಾಗೂ ಮಳಿ ಅಂದ್ರ ನಾವು ಕುಂದ್ರೂದೆಲ್ಲಿ? ಒಣಾ ಪುಸ್ತಕ ಕೊಡ್ರಿ. ಮನಿ ಇರಬೇಕು, ಗಟ್ಟಿ ಮಾಳಗಿ ಇರಬೇಕು, ಮಂದಿ ಒಳಗ ಕುಂತು ಜಗಳಾಡ್ತಿರಬೇಕು."

ಅಂಥ ಪುಸ್ತಕಕ್ಕೆ ನಮ್ಮಲ್ಲಿ ಏನು ಬರ? ಅತ್ತೆ ಸೊಸೆಯರು, ಆಸ್ತಿ ಪಾಲು ಹಂಚಿಕೊಳ್ಳುವ ಅಣ್ಣತಮ್ಮಂದಿರು, ಇಡೀ ಕಥೆ ಮುಗಿಯುವವರೆಗೆ ಹೊಸ್ತಿಲು ದಾಟದ ಜನ ನಮ್ಮ ಕಪಾಟಿನಲ್ಲಿ ತುಂಬಿದ್ದರು. ಒಂದನ್ನು ಕೊಟ್ಟೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಂಗಿಯ ಒಳಗೆ ಎದೆಗೆ ಒತ್ತಿಕೊಂಡು ಹೋದ.

ಹೀಗೆ ಶುರುವಾದದ್ದು ಮುಂದೆ ಹತ್ತಾರು ವರ್ಷ ನಡೆಯಿತು. ಕುರಿಯವರ ವರ್ಷ ನಮ್ಮ ಕ್ಯಾಲೆಂಡರಿನಂತೆ ಗೋಡೆಗೆ ನೇತುಬಿದ್ದಿರುವುದಿಲ್ಲ, ಅದು ನಡೆಯುತ್ತಿರುತ್ತದೆ. ಮಳೆ ಹಿಡಿದರೆ ನಮ್ಮ ಎರೆ ಹೊಲದ ಕಪ್ಪು ಕೆಸರು ಕುರಿಯ ಕಾಲಿಗೆ ಆಗಿಬರುವುದಿಲ್ಲ. ಆಗ ಬೀರಣ್ಣನ ಹಿಂಡು ಮುದ್ದೇಬಿಹಾಳದ ಕಡೆಯ ಕಲ್ಲು ನೆಲಕ್ಕೆ ಹೋಗುತ್ತದೆ. ಥಂಡಿಯಲ್ಲಿ ತೊಗರಿ ಕೊಯ್ದ ಹೊಲಗಳನ್ನು ಹುಡುಕಿಕೊಂಡು ಬಸವನ ಬಾಗೇವಾಡಿಯ ಕಡೆ. ಬೇಸಿಗೆಗೆ ಇಂಡಿ ದಾಟಿ, ಲಚ್ಯಾಣದ ಆಚೆ, ಭೀಮೆಯ ದಂಡೆಗೆ. ಹೊಲದವರು ಗೊಬ್ಬರಕ್ಕಾಗಿ ಕುರಿಗಳನ್ನು ತಮ್ಮ ಹೊಲದಲ್ಲೇ ತರುಬಿಸಿಕೊಳ್ಳುತ್ತಾರೆ. ಹಿಂಡು ಎಲ್ಲಿ ತಂಗುತ್ತದೋ ಅಲ್ಲೇ ಇವರ ಸಂಸಾರ. ಪ್ರತಿ ಸಲ ಊರು ಬಿಡುವ ಮುಂಚೆ ಬೀರಣ್ಣ ಬಂದು ಆ ಕಾಲಕ್ಕೆ ಒಪ್ಪುವ ಪುಸ್ತಕ ಒಯ್ಯುತ್ತಿದ್ದ. ಬೇಸಿಗೆಗೆ ಹಡಗು, ಸಮುದ್ರ, ಮೀನುಗಾರರು. ಮಳೆಗಾಲಕ್ಕೆ ಮಾಳಿಗೆಯ ಮನೆಗಳು. ಚಳಿಗಾಲಕ್ಕೆ ಮಾತ್ರ ಅವನ ಲೆಕ್ಕ ತಲೆಕೆಳಗಾಗುತ್ತಿತ್ತು. ಹಿಮ ಬೀಳುವ ದೇಶದ ಕಥೆಯನ್ನೋ, ನಡುಗುವ ಅರಮನೆಯನ್ನೋ ಕೇಳುತ್ತಿದ್ದ.

"ಇದ್ಯಾಕ ಕಾಕಾ, ಥಂಡ್ಯಾಗ ಮತ್ತ ಥಂಡಿ?" ಎಂದು ಒಮ್ಮೆ ಕೇಳಿದೆ.

"ಥಂಡಿ ದಿನಾ ನಮ್ಮನಿಯಾಕೀವು ನೋಡ್ರಿ," ಎಂದ. "ನಾ ಹೇಳೂದು ಅಕಿ ಒಪ್ಪಂಗಿಲ್ಲ. ನಮಗ ಥಂಡಿ ಆದಾಗ ಇನ್ನೊಬ್ಬರಿಗೂ ಥಂಡಿ ಆಗೇತಿ ಅಂದ್ರ ಅಕಿಗೆ ಸಮಾಧಾನ. ಅದಕ್ಕ ಎರಡು ಕಾಲ ನಂದು, ಒಂದು ಕಾಲ ಅಕಿದು."

ಅವನ ಮನೆಯಾಕೆ ಸುಂದರವ್ವ. ಅಕ್ಷರ ಗೊತ್ತಿಲ್ಲ. ಬೀರಣ್ಣ ನಾಲ್ಕನೆಯ ತರಗತಿಯವರೆಗೆ ಕಲಿತದ್ದನ್ನು ಕಳೆದುಕೊಳ್ಳದೆ ಇಟ್ಟುಕೊಂಡಿದ್ದ. ಅವನು ಓದುತ್ತಿದ್ದ, ಆಕೆ ಕೇಳುತ್ತಿದ್ದಳು. ಒಮ್ಮೆ ಸಂಜೆಯ ಬಸ್ಸು ತಪ್ಪಿ ರಸ್ತೆಯ ಕಡೆ ನಡೆದು ಬರುವಾಗ ಊರಾಚೆಯ ಹೊಲದಲ್ಲಿ ಇಬ್ಬರನ್ನೂ ಕಂಡಿದ್ದೆ. ಹೊತ್ತು ಮುಳುಗುತ್ತಿತ್ತು, ಕುರಿಗಳ ಬೆನ್ನ ಮೇಲೆ ಕೆಂಪು ಬಿಸಿಲು ಬಿದ್ದಿತ್ತು. ಬೀರಣ್ಣ ಸಾಲಿನ ಮೇಲೆ ಬೆರಳಿಟ್ಟು ಓದುತ್ತಾ, ನಡುನಡುವೆ ತಲೆಯೆತ್ತಿ ಯಾವುದೋ ಕುರಿಯನ್ನು ಬೈಯುತ್ತಾ, ಮತ್ತೆ ಬೆರಳಿದ್ದಲ್ಲಿಗೆ ಮರಳುತ್ತಿದ್ದ. ಸುಂದರವ್ವ ಉಣ್ಣೆ ನೂಲುತ್ತಿದ್ದಳು. ಮಾತು ನನಗೆ ಕೇಳಿಸಲಿಲ್ಲ. ಆದರೆ ಆ ಎರೆ ಹೊಲದ ನಡುವೆ ಎಲ್ಲಿಂದಲೋ ಒಂದು ಸಮುದ್ರ ಬಂದು ಇಬ್ಬರ ಕಾಲ ಹತ್ತಿರ ನಿಂತಿದೆಯೇನೋ ಅನ್ನಿಸಿ, ಮುಂದಿನ ಬಸ್ಸು ಬರುವವರೆಗೂ ಅಲ್ಲೇ ನಿಂತುಬಿಟ್ಟೆ. ನನಗೆ ಹೊಟ್ಟೆಕಿಚ್ಚಾಯಿತು. ಇಷ್ಟು ಪುಸ್ತಕಗಳ ನಡುವೆ ಕೂತು ನಾನು ಯಾರಿಗೂ ಒಂದು ಪುಟ ಓದಿ ಹೇಳಿದವಳಲ್ಲ, ನನಗೂ ಯಾರೂ ಓದಿ ಹೇಳಿದವರಿಲ್ಲ.

ನನ್ನ ವಿಷಯವನ್ನೂ ಒಂದಿಷ್ಟು ಹೇಳಿಬಿಡುತ್ತೇನೆ. ಪುಟದ ಮೂಲೆ ಮಡಚಿದವರನ್ನು ನಾನು ಸುಮ್ಮನೆ ಬಿಟ್ಟವಳಲ್ಲ. ಪುಸ್ತಕದ ಚಿತ್ರಗಳಿಗೆ ಮೀಸೆ ಬರೆದವನ ಮನೆಗೆ ಹೋಗಿ ಅವನ ತಾಯಿಯ ಎದುರೇ ಜಾಡಿಸಿ ಬಂದಿದ್ದೇನೆ. ಅಚ್ಚಾದದ್ದು ಅಚ್ಚಾದ ಹಾಗೆಯೇ ಇರಬೇಕು, ಅದಕ್ಕೆ ಕೈ ಹಚ್ಚಲು ನಾವು ಯಾರು ಎಂಬುದು ನನ್ನ ಹಟ. ಬೀರಣ್ಣನ ಪುಸ್ತಕಗಳು ಹೊಗೆಯ ವಾಸನೆ ಹೊತ್ತು ಬಂದರೂ ಒಂದು ಗೀರೂ ಇರುತ್ತಿರಲಿಲ್ಲ. ಆ ಕಾರಣಕ್ಕೇ ಅವನನ್ನು ಕಂಡರೆ ನನಗೆ ಗೌರವ.

ಹೋದ ವರ್ಷ ಮಳೆಗಾಲ ಮುಗಿದು ಹಿಂಡು ಊರಿಗೆ ಬಂದಾಗ ಸುಂದರವ್ವನ ಎರಡೂ ಮಂಡಿ ಹಿಡಿದಿದ್ದವು. ಸಿಂದಗಿಯ ಡಾಕ್ಟರು ಗುಳಿಗೆ ಬರೆದುಕೊಟ್ಟು, ಇನ್ನು ಹಿಂಡಿನ ಹಿಂದೆ ನಡೆಯುವುದು ಸಾಕೆಂದರು. ಥಂಡಿ ಶುರುವಾಗುತ್ತಿದ್ದಂತೆ ಬೀರಣ್ಣ ಮತ್ತು ಮಗ ಸಿದ್ಧರಾಮ ಕುರಿ ಹೊಡೆದುಕೊಂಡು ಬಾಗೇವಾಡಿಯ ಕಡೆ ಹೊರಟರು. ಸುಂದರವ್ವ ಸೊಸೆ ಸುನೀತಾಳ ಜೊತೆ ಊರಲ್ಲೇ ಉಳಿದಳು. ಮದುವೆಯಾಗಿ ಬಂದ ಮೇಲೆ ಹಿಂಡು ಆಕೆಯನ್ನು ಬಿಟ್ಟು ಹೋದದ್ದು ಅದೇ ಮೊದಲು.

ಹೊರಡುವ ಹಿಂದಿನ ದಿನ ಬೀರಣ್ಣ ಬಂದ. ನಾನು ಮೊದಲೇ ತೆಗೆದಿಟ್ಟಿದ್ದೆ, ಹಿಮದಲ್ಲಿ ಹೂತುಹೋದ ಅರಮನೆಯೊಂದರ ದಪ್ಪ ಕಥೆ. ಅವನು ಅದನ್ನು ಮುಟ್ಟಲಿಲ್ಲ. ಮಳೆಗಾಲದ ಪುಸ್ತಕವನ್ನು ಟೇಬಲ್ಲಿನ ಮೇಲಿಟ್ಟು ಹೊರಟ.

"ಕಾಕಾ, ಇದನ್ನ ಬಿಟ್ರೆಲ್ಲ."

"ಕೇಳಾಕಿ ಇಲ್ರಿ. ಓದಿ ಏನ ಮಾಡ್ಲಿ?"

"ನಿಮ್ಮಷ್ಟಕ್ಕ ನೀವು ಓದ್ಕೋರಿ. ಮಂದಿ ಓದೂದಿಲ್ಲೇನು?"

"ಒಬ್ಬಾಂವ ಓದಿದ್ರ ನನಗ ತಿಳಿಯಂಗಿಲ್ರಿ," ಎಂದು ಹೋಗಿಬಿಟ್ಟ.

ನನಗೆ ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಾಗಲಿಲ್ಲ. ಕೆಲವು ದಿನ ಬಿಟ್ಟು ಅದೇ ಅರಮನೆಯ ಪುಸ್ತಕ ಹಿಡಿದು ಸುಂದರವ್ವನ ಮನೆಗೆ ನಾನೇ ಹೋದೆ.

ಆಕೆ ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹಗಲು ಹೊತ್ತು ಮಲಗಿದ ಸುಂದರವ್ವನನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಸುನೀತಾ ನನ್ನನ್ನು ಒಲೆಯ ಕಡೆ ಕರೆದು ಸಣ್ಣ ದನಿಯಲ್ಲಿ ಹೇಳಿದಳು.

"ಊಟ ಬಿಟ್ಟಾರ್ರಿ. ಅರ್ಧಾ ರೊಟ್ಟಿನೂ ಹೋಗವಲ್ದು. ನಡಿಯಾಕ ಬರದ ಕುರಿನ್ನ ಹಿಂಡ್ನ್ಯಾಗ ಇಟ್ಕೋತಾರೇನು ಅಂತಾರ. ಒಂದ ಮಾತು ಹಿಡದು ಕುಂತಾರ."

ನಾನು ಹಾಸಿಗೆಯ ಬದಿಗೆ ಕೂತು ಓದತೊಡಗಿದೆ. ನನ್ನ ಓದು ಕೆಟ್ಟದ್ದೇನಲ್ಲ, ಶಾಲೆಯಲ್ಲಿ ಬಹುಮಾನ ತೆಗೆದುಕೊಂಡವಳು. ಹಿಮ ಬಿತ್ತು, ಅರಮನೆಯ ಬಾಗಿಲು ಹಾಕಿಕೊಂಡಿತು, ರಾಣಿಯ ಮಗುವಿಗೆ ಜ್ವರ ಬಂತು. ಸುಂದರವ್ವ ಮೆಲ್ಲಗೆ ಈ ಕಡೆ ತಿರುಗಿದಳು. ಮನಸ್ಸಿನಲ್ಲೇ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

"ದನಿ ಚೊಲೋ ಐತ್ರಿ ನಿಮ್ಮದು," ಎಂದಳು. "ಶೇವಂತೆವ್ವ ಯಾವಾಗ ಬರ್ತಾಳ?"

"ಯಾವ ಶೇವಂತೆವ್ವ?"

ಸುಂದರವ್ವ ನನ್ನನ್ನು ಕನಿಕರದಿಂದ ನೋಡಿದಳು. ಇಷ್ಟು ವರ್ಷ ಪುಸ್ತಕ ಕಾಯ್ದು ಇದೂ ಗೊತ್ತಿಲ್ಲವೇ ಎಂಬ ನೋಟ. ಆಮೇಲೆ ನಿಧಾನವಾಗಿ ಹೇಳುತ್ತಾ ಹೋದಳು. ಶೇವಂತೆವ್ವ ಎಲ್ಲ ಪುಸ್ತಕದಲ್ಲೂ ಬರುತ್ತಾಳೆ. ಮಳೆಗಾಲದ ಪುಸ್ತಕದಲ್ಲಿ, ಜಗಳ ಮುಗಿಯದ ಮನೆಯ ಬಾಗಿಲಿಗೆ ಒಣ ಕಂಬಳಿ ತರುತ್ತಾಳೆ. ಬೇಸಿಗೆಯ ಪುಸ್ತಕದಲ್ಲಿ, ಹಡಗಿನವರಿಗೆ ಕುಡಿಯುವ ನೀರು ತೀರಿದಾಗ ತಲೆಯ ಮೇಲೆ ಕೊಡ ಹೊತ್ತು ಬರುತ್ತಾಳೆ. ಚಳಿಗಾಲದ್ದರಲ್ಲಿ ಕೆಂಡ ತರುತ್ತಾಳೆ. ಬಂದವಳು ಮೊದಲು ಯಾರನ್ನಾದರೂ ಬೈಯುತ್ತಾಳೆ, ಆಮೇಲೆ ರೊಟ್ಟಿ ಕೊಡುತ್ತಾಳೆ. ಕುರಿಯವಳು. ಎಲ್ಲಿಂದ ಬಂದಳು, ಎಲ್ಲಿಗೆ ಹೋದಳು, ಯಾರೂ ಕೇಳುವುದಿಲ್ಲ.

"ಎಲ್ಲಾ ಪುಸ್ತಕದಾಗ ಹೊತ್ತು ಮೂಡೂದಿಲ್ಲೇನ್ರಿ, ಹಂಗ ಅಕಿನೂ," ಎಂದಳು.

ಆ ಪುಸ್ತಕಗಳನ್ನೆಲ್ಲ ನಾನು ಓದಿದ್ದೆ. ಯಾವುದರಲ್ಲೂ ಶೇವಂತೆವ್ವ ಇರಲಿಲ್ಲ. ಹಡಗಿನವರು ನೀರಿಲ್ಲದೆ ಒದ್ದಾಡುತ್ತಾರೆ, ಅವರ ಹತ್ತಿರ ಯಾರೂ ಬರುವುದಿಲ್ಲ. ಬೀರಣ್ಣನ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ, ಎದುರಿಗಿದ್ದಿದ್ದರೆ ಅವನ ಗೌರವ ಆವತ್ತಿಗೇ ಮುಗಿಯುತ್ತಿತ್ತು. ಪುಟದ ಮೇಲೆ ಗೀರು ಹಾಕದವನು ಇಡೀ ಕಥೆಗೇ ಕೈ ಹಚ್ಚಿದ್ದ.

ಆದರೆ ಸುಂದರವ್ವ ಕಾಯುತ್ತಿದ್ದಳು. ನಾನು ಪುಟ ತಿರುವಿದಂತೆ ಮಾಡಿ, "ಅಷ್ಟರಲ್ಲಿ ಶೇವಂತೆವ್ವ ಮೆಲ್ಲಗೆ ಒಳಗೆ ಬಂದಳು," ಎಂದು ಓದಿದೆ.

"ಸುಮ್ನ ಹೇಳಾಕತ್ತೀರಿ," ಎಂದಳು ಆಕೆ. "ಅಕಿ ಮೆಲ್ಲಕ ಬರಾಕಿ ಅಲ್ಲ." ಆಮೇಲೆ, "ಅಕಿನೂ ಹ್ವಾದ್ಲೇನೋ. ಮಂಡಿ ಬಿದ್ದಿರಬೇಕು," ಎಂದು ಮತ್ತೆ ಗೋಡೆಯ ಕಡೆ ತಿರುಗಿದಳು. ಆವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು.

ಎಳ್ಳ ಅಮಾವಾಸ್ಯೆಯ ರಜೆಗೆ ಬಾಗೇವಾಡಿಯ ಬಸ್ಸು ಹತ್ತಿದೆ. ಹಿಂಡು ಎಲ್ಲಿದೆಯೆಂದು ಸುನೀತಾ ಫೋನಿನಲ್ಲಿ ಸಿದ್ಧರಾಮನನ್ನು ಕೇಳಿ ಹೇಳಿದ್ದಳು. ಹೊಲಹೊಲದಲ್ಲಿ ಜನ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಬುತ್ತಿ ಬಿಚ್ಚಿ ಊಟಕ್ಕೆ ಕೂತಿದ್ದರು. ಹಸಿ ಜೋಳದ ನಡುವೆ ಬಣ್ಣದ ಸೀರೆಗಳು ಅಲ್ಲೊಂದು ಇಲ್ಲೊಂದು ಕಾಣುತ್ತಿದ್ದವು. ದಾರಿಯಲ್ಲಿ ಗುರುತಿಲ್ಲದವರು ಕರೆದು ನನ್ನ ಕೈಗೂ ಸಜ್ಜೆಯ ರೊಟ್ಟಿ ಕೊಟ್ಟರು. ಬೀರಣ್ಣ ತೊಗರಿ ಕೊಯ್ದ ಹೊಲದ ಬದುವಿನ ಮೇಲೆ, ಬೇವಿನ ಗಿಡದ ಕೆಳಗೆ ಒಬ್ಬನೇ ಕೂತಿದ್ದ. ಹೊಲದವರು ಕೊಟ್ಟ ಹೋಳಿಗೆ ಎಲೆಯ ಮೇಲೆ ಹಾಗೇ ಇತ್ತು.

ದಾರಿಯುದ್ದಕ್ಕೂ ನಾನು ಬೈಗುಳ ಜೋಡಿಸಿಕೊಂಡು ಬಂದಿದ್ದೆ. ಅವನ ಮುಖ ನೋಡಿದ ಮೇಲೆ ಅರ್ಧ ಮರೆತುಹೋಯಿತು.

"ಕಾಕಾ, ಶೇವಂತೆವ್ವ ಯಾರು?" ಎಂದೆ.

ಬೀರಣ್ಣ ಕೋಲಿನ ತುದಿಯಿಂದ ನೆಲ ಕೆದರತೊಡಗಿದ.

"ಮೊದಲನೇ ಮಳಿಗಾಲದಾಗ, ನೀವು ಕೊಟ್ಟ ಆ ಮನಿ ಜಗಳದ ಪುಸ್ತಕ ಓದಾಕತ್ತಿದ್ನ್ರಿ," ಎಂದ. "ಅಕಿ ನಡಕ ಕೇಳಿದ್ಲು. ಪುಸ್ತಕದಾಗ ಎಲ್ಲಾರೂ ಇರ್ತಾರ, ಕುರಿ ಕಾಯೋ ಹೆಣ್ಮಕ್ಕಳು ಇರಂಗಿಲ್ಲೇನು ಅಂತ. ಇರ್ತಾರ ಅಂದ್ನಿ. ಅಂದ ಮ್ಯಾಲೆ ಇರಬೇಕಲ್ರಿ."

"ಒಂದ ಪುಸ್ತಕಕ್ಕ ಸಾಕಿತ್ತಲ್ಲ."

"ಎರಡನೇದ್ರಾಗ ಬರಲಿಲ್ಲಂದ್ರ ಅಕಿಗೆ ಏನನಸ್ತೈತಿ?"

ಇಷ್ಟು ವರ್ಷ ನಾನು ಕಾಲಕ್ಕೆ ತಕ್ಕ ಪುಸ್ತಕ ಆರಿಸಿ ಕೊಡುತ್ತಿದ್ದೇನೆಂದು ಬೀಗುತ್ತಿದ್ದೆ. ಇವನು ಆ ಪುಸ್ತಕಗಳ ನಡುವೆ ಒಬ್ಬ ಹೆಣ್ಣುಮಗಳನ್ನು ಕಾಲದಿಂದ ಕಾಲಕ್ಕೆ ನಡೆಸಿಕೊಂಡು ಬಂದಿದ್ದ, ಕಂಬಳಿ ಕೊಟ್ಟು, ಕೊಡ ಹೊರಿಸಿ, ಕೆಂಡ ಹಿಡಿಸಿ. ನನ್ನ ಕಣ್ಣು ತುಂಬಿದವು. ತೋರಗೊಡಲಿಲ್ಲ.

"ಸುಂದರವ್ವ ಊಟ ಬಿಟ್ಟಾಳ," ಎಂದೆ. "ಶೇವಂತೆವ್ವನೂ ಹೋಗ್ಯಾಳ ಅಂತ ತಿಳ್ಕೊಂಡು ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾಳ. ನಾ ಓದಿದ್ರ ನಡಿಯಂಗಿಲ್ಲ. ನೀವ ಓದಬೇಕು."

"ಇಲ್ಲಿಂದ ಹೆಂಗ್ರಿ?"

"ಸಿದ್ಧರಾಮನ ಹಂತ್ಯಾಕ ಫೋನ್ ಐತಲ್ಲ. ಸಂಜೀ ಮುಂದ ಹಚ್ಚಿ ಓದ್ರಿ."

"ಮಗ ಕೇಳಿದ್ರ ನಗ್ತಾನ್ರಿ. ಸುಳ್ಳ ಓದ್ತಾನ ಅಪ್ಪ ಅಂತಾನ."

ಕುರಿಗಳಿಗೆ ನೀರು ಕುಡಿಸಿ ಬರುತ್ತಿದ್ದ ಸಿದ್ಧರಾಮ ಇದನ್ನು ಕೇಳಿಸಿಕೊಂಡ. ಅಂಗಿಯ ಕಿಸೆಯಿಂದ ಫೋನು ತೆಗೆದು ಅಪ್ಪನ ಎಲೆಯ ಪಕ್ಕದಲ್ಲಿಟ್ಟು, "ಅಲ್ಲಿ ದಿಬ್ಬದ ಮ್ಯಾಲೆ ನೆಟವರ್ಕ್ ಚೊಲೋ ಸಿಗತೈತಿ," ಎಂದಷ್ಟೇ ಹೇಳಿ ಮರಳಿ ಹೋದ. ಅವನೂ ಆ ಕಥೆಗಳನ್ನು ಕೇಳುತ್ತಲೇ ಬೆಳೆದವನಲ್ಲವೇ. ಚೀಲದಿಂದ ಅರಮನೆಯ ಪುಸ್ತಕ ತೆಗೆದು ಬೀರಣ್ಣನ ಕೈಗೆ ಕೊಟ್ಟೆ.

ಮಾರನೆಯ ದಿನ ಸಂಜೆಯ ಬಸ್ಸನ್ನು ಬೇಕೆಂದೇ ಬಿಟ್ಟು ಸುಂದರವ್ವನ ಮನೆಯಲ್ಲಿ ಕೂತೆ. ಸುನೀತಾ ಫೋನನ್ನು ಅತ್ತೆಯ ತಲೆದಿಂಬಿನ ಹತ್ತಿರ ಇಟ್ಟಳು. ಮೊದಲು ಗಾಳಿಯ ಸದ್ದು, ಆಮೇಲೆ ಕುರಿಗಳ ಕೂಗು, ಆಮೇಲೆ ಬೀರಣ್ಣನ ಗಂಟಲು ಸರಿಪಡಿಸಿಕೊಳ್ಳುವ ಸದ್ದು. ಅವನು ಒಂದೊಂದೇ ಪದವನ್ನು ಎಡವುತ್ತಾ ಓದತೊಡಗಿದ. ಹಿಮ ಬಿತ್ತು. ಬಾಗಿಲು ಹಾಕಿಕೊಂಡಿತು. "ಏ, ಬದು ಇಳೀಬ್ಯಾಡ, ಬಾ ಇಕಡೆ," ಎಂದು ಯಾವುದನ್ನೋ ಗದರಿದ. ಗೋಡೆಯ ಕಡೆ ಮಲಗಿದ್ದ ಸುಂದರವ್ವ ಅಲುಗಾಡಿದಳು. ರಾಣಿಯ ಮಗುವಿಗೆ ಜ್ವರ ಬಂತು. ಅರಮನೆಯಲ್ಲಿ ಎಲ್ಲ ಒಲೆಗಳೂ ಆರಿಹೋಗಿದ್ದವು. ಆಗ ಹೊರಬಾಗಿಲಲ್ಲಿ ಯಾರೋ ಕೂಗಿದರು.

"ಯಾಂವಲೇ ಅಂವ ಒಳಗ, ಬಾಗಲಾ ತಗೀ," ಎಂದು ಬೀರಣ್ಣ ಓದಿದ. "ಕೆಂಡ ತಂದೇನಿ. ಒಳಗ ಬಂದು ಕೊಡಾಕ ಆಗಂಗಿಲ್ಲ, ಮಂಡಿ ಹಿಡದಾವು. ನಾ ಇಲ್ಲೇ ಹೊಸ್ತಿಲದ ಮ್ಯಾಲೆ ಕುಂದರ್ತೇನಿ. ಬೇಕಾದಾಂವ ಬಂದು ಒಯ್ರಿ."

ರಾಜ ತಾನೇ ಬಂದ. ಶೇವಂತೆವ್ವ ಏಳಲಿಲ್ಲ. ರಾಜ ಆಕೆಯ ಎದುರು ಕುಕ್ಕುರುಗಾಲಲ್ಲಿ ಕೂತು ಎರಡೂ ಕೈ ಚಾಚಿ ಕೆಂಡದ ಗಡಿಗೆ ಇಸಿದುಕೊಂಡ. ಆಕೆ ಅವನನ್ನು ಬೈದಳು, ಇಷ್ಟು ದೊಡ್ಡ ಮನೆ ಕಟ್ಟಿ ಒಂದು ಒಲೆ ಕಾಯಲು ಬರುವುದಿಲ್ಲವೇ ಎಂದು. ಆಮೇಲೆ ರೊಟ್ಟಿ ಕೊಟ್ಟಳು. ಆ ರಾತ್ರಿ ಅರಮನೆಯ ಮಂದಿಯೆಲ್ಲ ಒಬ್ಬೊಬ್ಬರಾಗಿ ಹೊಸ್ತಿಲಿಗೆ ಬಂದು ಆಕೆಯ ಸುತ್ತ ಕೂತರು. ಅಚ್ಚಾದ ಪುಸ್ತಕದಲ್ಲಿ ಆ ಮಗು ಸಾಯುತ್ತದೆ. ಬೀರಣ್ಣನ ದಿಬ್ಬದ ಮೇಲೆ ಅದು ಬೆವರಿ, ಕಣ್ಣು ಬಿಟ್ಟು, ಹಾಲು ಕೇಳಿತು.

ಸುಂದರವ್ವ ಎದ್ದು ಕೂತಿದ್ದಳು. ಯಾವಾಗ ಎದ್ದಳೋ ನಾನು ನೋಡಲಿಲ್ಲ.

"ಅಕಿಗೂ ಮಂಡಿ ಹಿಡದಾವು ನೋಡ್ರಿ," ಎಂದಳು ನನಗೆ. ಆಮೇಲೆ ಸೊಸೆಯ ಕಡೆ ತಿರುಗಿ, "ರೊಟ್ಟಿ ಅದಾವೇನು? ಬದನಿಕಾಯಿ ಪಲ್ಯ ಉಳದಿದ್ರ ಹಾಕು," ಎಂದಳು. ಸುನೀತಾ ಒಲೆಯ ಕಡೆ ಹೋಗಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಆ ಚಳಿಗಾಲವೆಲ್ಲ ಹೀಗೇ ಕಳೆಯಿತು. ಸಂಜೆಯಾದರೆ ಸುಂದರವ್ವ ಹೊಸ್ತಿಲ ಮೇಲೆ ಕಾಲು ಚಾಚಿ, ನೂಲಲು ಉಣ್ಣೆ ಹಿಡಿದು ಕೂರುತ್ತಿದ್ದಳು. ಅಕ್ಕಪಕ್ಕದ ಹೆಣ್ಣುಮಕ್ಕಳೂ ಬಂದು ಕೂರತೊಡಗಿದರು. ಎದುರು ಮನೆಯ ಅಬಿದಾ ತನ್ನ ಹೊಲಿಗೆಯನ್ನೂ ತರುತ್ತಿದ್ದಳು. ಯಂಕಂಚಿಯ ಓಣಿಯೊಂದರಲ್ಲಿ ದಿನವೂ ಹಿಮ ಬೀಳುತ್ತಿತ್ತು, ಬಾಗೇವಾಡಿಯ ಕುರಿಗಳು ಆ ಹಿಮದಲ್ಲಿ ಕೂಗುತ್ತಿದ್ದವು. ಎಷ್ಟೋ ಸಲ ನಾನೂ ಬಸ್ಸು ಬಿಟ್ಟೆ.

ಬಿಸಿಲು ಏರಿತು. ಹಿಂಡು ಬಾಗೇವಾಡಿಯಿಂದ ಹೊರಟು, ಇಂಡಿ ದಾಟಿ, ಲಚ್ಯಾಣದ ಆಚೆ ಭೀಮೆಯ ದಂಡೆ ಸೇರಿತು. ಮನೆಯಿಂದ ಜೋಳ ಒಯ್ಯಲು ಸಿದ್ಧರಾಮ ಊರಿಗೆ ಬಂದಿದ್ದ. ಮರುದಿನ ಗ್ರಂಥಾಲಯದ ಬಾಗಿಲಲ್ಲಿ ಕೋಲು ಊರಿದ ಸದ್ದಾಯಿತು. ಬೀರಣ್ಣನಿಗೆ ಮಾಡಿದ ಹಾಗೆ ಈ ಸಲ ನಾನು ಯಾರನ್ನೂ ಬಾಗಿಲಲ್ಲಿ ತಡೆಯಲಿಲ್ಲ. ಎದ್ದು ಹೋಗಿ ಕೈ ಹಿಡಿದು ಒಳಗೆ ಕರೆತಂದೆ. ಇಷ್ಟು ವರ್ಷದಲ್ಲಿ ಸುಂದರವ್ವ ಒಮ್ಮೆಯೂ ಇಲ್ಲಿಗೆ ಬಂದಿರಲಿಲ್ಲ.

"ಬ್ಯಾಸಗಿ ಪುಸ್ತಕ ಆರಿಸಾಕ ಬಂದೇನ್ರಿ. ಸಿದ್ಧರಾಮ ಅವರಪ್ಪಗ ಒಯ್ತಾನ," ಎಂದಳು.

"ಬ್ಯಾಸಗಿ ಕಾಕಾಂದಲ್ಲ? ನಿಂದು ಬರೇ ಥಂಡಿ ದಿನ."

"ಅಂವ ಹೊಳಿ ದಂಡ್ಯಾಗ ತಂಪಗ ಕುಂತಾನ. ಇಲ್ಲಿ ಬಿಸಲಾಗ ಕೇಳಾಕಿ ನಾನು. ಈ ಸಲ ನನಗ ನೀರ ಬೇಕ್ರಿ, ಭಾಳ ನೀರು."

ಕಪಾಟಿನ ಎದುರು ಕುರ್ಚಿ ಹಾಕಿ ಕೂರಿಸಿದೆ. ಆಕೆ ಒಂದೊಂದೇ ಪುಸ್ತಕ ಇಸಿದುಕೊಂಡು, ಕೈಯಲ್ಲಿ ತೂಗಿ, ಮುಖಪುಟದ ಚಿತ್ರವನ್ನು ಅಂಗೈಯಿಂದ ಸವರಿ, ಮೂಸಿ ನೋಡಿ ಪಕ್ಕಕ್ಕಿಡುತ್ತಿದ್ದಳು. ಕಡೆಗೆ ನೀಲಿ ಬಣ್ಣದ ಒಂದನ್ನು ತೊಡೆಯ ಮೇಲಿಟ್ಟುಕೊಂಡಳು. ಹೊಸತಾಗಿ ಬಂದದ್ದು, ದೂರದ ನಡುಗಡ್ಡೆಗೆ ಹೊರಟ ಹಡಗಿನ ಕಥೆ. ಹೋದ ವಾರವಷ್ಟೇ ಅದನ್ನು ಪೂರ್ತಿ ಓದಿದ್ದೆ.

"ಇದರಾಗ ಶೇವಂತೆವ್ವ ಅದಾಳ್ರಿ?" ಎಂದು ಕೇಳಿದಳು.

ನಾನು ಪುಸ್ತಕ ತೆಗೆದುಕೊಂಡು ಬಿಡಿಸಿದೆ. ಅಚ್ಚಿನ ಅಕ್ಷರಗಳು ಸಾಲುಸಾಲಾಗಿ ಇದ್ದಲ್ಲೇ ಇದ್ದವು.

"ಅದಾಳ," ಎಂದೆ. "ಸ್ವಲ್ಪ ತಡಾ ಮಾಡಿ ಬರ್ತಾಳ."

"ಬರ್ಲಿ ಬಿಡ್ರಿ," ಎಂದಳು ಸುಂದರವ್ವ, ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತಾ. "ಮಂಡಿ ಹಿಡದಾಕಿ. ತಡಾ ಆಗೂದ."